ಒಳಗ ಇಲ್ಲದ್ದನ್ನ ಹೊರಗ ಹೇಳಬ್ಯಾಡ

ಸಂಜೆ ನಾಲ್ಕಕ್ಕೆ ಆಟೋ ಹೊರಡುತ್ತಿತ್ತು. ಮೇಲೆ ಎರಡು ಹಾರ್ನು, ಎರಡೂ ಪಕ್ಕ ನಾಟಕದ ಬೋರ್ಡು, ಹಿಂದಿನ ಸೀಟಿನಲ್ಲಿ ಮೈಕು ಹಿಡಿದು ಕೂತ ನಮ್ಮಪ್ಪ. ಶಾಲೆಗೆ ರಜೆ ಇದ್ದ ದಿನ ಅವರ ಪಕ್ಕದಲ್ಲಿ ನಾನು. ಹ್ಯಾಂಡ್‌ಬಿಲ್ ಎಸೆಯುವುದು ನನ್ನ ಕೆಲಸ. ಒಂದು ದಿನ ಗುಲಾಬಿ ಕಾಗದ, ಇನ್ನೊಂದು ದಿನ ಹಳದಿ.

ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ ಅದು. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ವಾರಗಟ್ಟಲೆ ನಡೆಯುತ್ತದೆ. ಒಂದು ಕಡೆ ಮರದ ಬಾಗಿಲು, ಚೌಕಟ್ಟು ಮಾರುವವರ ಸಾಲು. ಇನ್ನೊಂದು ಕಡೆ ನಾಟಕ ಕಂಪನಿಗಳ ತಗಡಿನ ಥಿಯೇಟರುಗಳು. ಇಷ್ಟು ಕಂಪನಿಗಳು ಒಂದೇ ಜಾಗದಲ್ಲಿ ಕ್ಯಾಂಪು ಹಾಕುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ಪ್ರತಿ ಕಂಪನಿಗೂ ಒಂದು ಆಟೋ, ಒಂದು ಮೈಕು, ಒಬ್ಬ ಕೂಗುವವ. "ಇಂದೇ ನೋಡಿರಿ, ನೋಡಲು ಮರೆಯದಿರಿ, ಮರೆತು ನಿರಾಶರಾಗದಿರಿ" ಅಂತ ಎಲ್ಲರೂ ಅದನ್ನೇ ಹೇಳುತ್ತಿದ್ದರು. ಆದರೆ ಅಪ್ಪ ಹೇಳಿದರೆ ರೊಟ್ಟಿ ಬುಟ್ಟಿ ಮುಂದೆ ಕೂತ ಹೆಂಗಸರೂ ತಲೆ ಎತ್ತಿ ನೋಡುತ್ತಿದ್ದರು. 'ಮರೆತು' ಅಂದ ಮೇಲೆ ಅವರು ಒಂದು ಕ್ಷಣ ನಿಲ್ಲುತ್ತಿದ್ದರು. ಇಡೀ ಬೀದಿಯೇ ಅವರ ಜೊತೆ ನಿಂತ ಹಾಗೆ ಅನ್ನಿಸುತ್ತಿತ್ತು.

ಅಪ್ಪ ಸಣ್ಣ ಪಾತ್ರವನ್ನೂ ಮಾಡುತ್ತಿದ್ದರು. ಪೊಲೀಸು, ಗೌಡರ ಆಳು, ಡಾಕ್ಟರು. ಆದರೆ ಕಂಪನಿಗೆ ಅವರು ಬೇಕಾಗಿದ್ದಿದ್ದು ಮೈಕಿಗೆ. ಅವರಿಗೊಂದು ನಿಯಮ ಇತ್ತು. ಒಂದು ಸಲ ನಾನು ಹುರುಪಿನಲ್ಲಿ ಮೈಕು ಕಿತ್ತುಕೊಂಡು "ಇವತ್ತು ಸಿನಿಮಾ ನಟರು ಬರ್ತಾರ" ಅಂತ ಕೂಗಿಬಿಟ್ಟೆ. ಆಗ ನನಗೆ ಹನ್ನೊಂದು ವರ್ಷ. ಅಪ್ಪ ಬೈಯಲಿಲ್ಲ. ಆಟೋ ನಿಲ್ಲಿಸಿ, ಅದೇ ಬೀದಿಗೆ ವಾಪಸ್ ಹೋಗಿ, "ಈಗ ಕೂಸು ಹೇಳಿದ್ದು ಸುಳ್ಳೈತ್ರಿ, ಯಾವ ಸಿನಿಮಾ ನಟರೂ ಬರೂದಿಲ್ಲ, ನಮ್ಮ ಕಲಾವಿದರಽ ಅದಾರ" ಅಂತ ಮೈಕಿನಲ್ಲೇ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಒಳಗ ಇಲ್ಲದ್ದನ್ನ ಹೊರಗ ಹೇಳಬ್ಯಾಡ ಯವ್ವಾ. ಮಂದಿ ಒಮ್ಮೆ ಬರ್ತಾರ. ಮತ್ತ ಬರಾಂಗಿಲ್ಲ" ಅಂದರು.

ಈಗ ನನಗೆ ಮೂವತ್ತೊಂಬತ್ತು. ಇದುವರೆಗೆ ನಾನು ಮಾಡಿದ ಕೆಲಸಗಳ ಪಟ್ಟಿ ಹೇಳಿದರೆ ಹೊಸಬರಿಗೆ ಗೊಂದಲ ಆಗುತ್ತದೆ. ಆರ್ಕೆಸ್ಟ್ರಾದಲ್ಲಿ ನಿರೂಪಣೆ, ಸೂಪರ್ ಮಾರ್ಕೆಟ್ಟಿನಲ್ಲಿ ಸೋಪಿನ ಸ್ಯಾಂಪಲ್, ಹಳ್ಳಿ ಹಳ್ಳಿಗೆ ಕ್ಯಾಂಟರ್ ಗಾಡಿಯಲ್ಲಿ ಚಹಾಪುಡಿ ಪ್ರಚಾರ, ನೈಟ್‌ಕ್ಲಬ್ ಪ್ರಮೋಟರ್, ಕಾರ್ಪೊರೇಟ್ ಕಾರ್ಯಕ್ರಮಗಳ ಎಂಸೀ ಅಂದರೆ ನಿರೂಪಕಿ, ಮದುವೆ ಸಂಗೀತ್, ಈಗ ಡಬ್ಬಿಂಗ್. "ನೀವು ನಿಜವಾಗಿ ಏನು ಮಾಡ್ತೀರಾ?" ಅಂತ ಕೇಳುತ್ತಾರೆ. ಜನರನ್ನು ಕರೆಯುತ್ತೇನೆ. ಅಷ್ಟೇ. ಅದು ಸಣ್ಣ ಕೆಲಸ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

2006ರಲ್ಲಿ ಬೆಂಗಳೂರಿಗೆ ಬಂದೆ. ವಿಜಯನಗರದಲ್ಲಿ ಒಂದು ಪಿಜಿ, ರೂಮಿಗೆ ನಾಲ್ಕು ಜನ. ಸೋಪಿನ ಸ್ಯಾಂಪಲ್ ಕೊಡುವುದಕ್ಕೆ ದಿನಕ್ಕೆ 250 ರೂಪಾಯಿ, ಬೆಳಿಗ್ಗೆ ಹನ್ನೊಂದರಿಂದ ರಾತ್ರಿ ಒಂಬತ್ತರವರೆಗೆ ನಿಂತೇ ಇರಬೇಕು. ಕ್ಯಾಂಟರ್ ಕೆಲಸ ಇದಕ್ಕಿಂತ ಸಾವಿರ ಪಾಲು ಚೆನ್ನಾಗಿತ್ತು. ಗಾಡಿಯ ಒಂದು ಬದಿ ತೆರೆದರೆ ಅದೇ ಸ್ಟೇಜು. ಸಂತೆ ಇದ್ದ ಊರಿಗೆ ಹೋಗಿ ನಿಲ್ಲಿಸುವುದು, ಹತ್ತು ನಿಮಿಷದ ಒಂದು ನಾಟಕ, ನಾಲ್ಕು ಪ್ರಶ್ನೆ, ಸರಿ ಉತ್ತರಕ್ಕೆ ಒಂದು ಸ್ಟೀಲ್ ಲೋಟ. ಎಷ್ಟು ಜನ ಸೇರಿದರು ಅಂತ ಸಂಜೆ ಬರೆದು ಕಳಿಸಬೇಕು. ಏಜೆನ್ಸಿಯವರು ಇದನ್ನು 'ಆಕ್ಟಿವೇಷನ್' ಅನ್ನುತ್ತಾರೆ. ನನಗೆ ಅದು ಜಾತ್ರೆಯೇ.

ಚಹಾಪುಡಿ ಆದ ಮೇಲೆ ಮಕ್ಕಳ ಪೌಡರ್ ಒಂದು ಬಂತು. ಹಾಲಿಗೆ ಹಾಕಿ ಕುಡಿಸುವುದು. ಮೂರು ತಿಂಗಳಲ್ಲಿ ಮಕ್ಕಳು ಇಂತಿಷ್ಟು ಎತ್ತರ ಬೆಳೆಯುತ್ತಾರೆ ಅಂತ ಮೈಕಿನಲ್ಲಿ ಹೇಳಬೇಕಿತ್ತು. ಸಂತೆಗೆ ಬಂದ ಕೂಲಿ ಹೆಂಗಸರು ಸೊಂಟದ ಮೇಲೆ ಕೂಸು ಇಟ್ಟುಕೊಂಡು ಕೇಳುತ್ತಿದ್ದರು. ಒಬ್ಬಾಕೆ ಸೆರಗಿನ ಗಂಟು ಬಿಚ್ಚಿ ನೋಟು ಎಣಿಸಿದ್ದು ಈಗಲೂ ಕಣ್ಣ ಮುಂದೆ ಇದೆ. ಮಾರನೇ ದಿನ ಆ ಸಾಲು ಬಿಟ್ಟು ಉಳಿದದ್ದು ಹೇಳಿದೆ. ಮೂರನೇ ದಿನ ನನ್ನನ್ನು ಗಾಡಿಯಿಂದ ಇಳಿಸಿದರು. ಎರಡು ತಿಂಗಳು ಕೆಲಸ ಇರಲಿಲ್ಲ.

ಕ್ಲಬ್ಬಿಗೆ ಬಂದದ್ದು 2009ರಲ್ಲಿ, ಆರ್ಕೆಸ್ಟ್ರಾದ ಕೀಬೋರ್ಡ್ ಹುಡುಗನ ಮೂಲಕ. ಇಂದಿರಾನಗರದ ಒಂದು ಜಾಗಕ್ಕೆ ಪ್ರಮೋಟರ್ ಬೇಕಿತ್ತು. ಊರಿನಲ್ಲಿ ಗೊತ್ತಾದಾಗ ನೆಂಟರು ಏನೇನೋ ಮಾತಾಡಿದರು. ಕಂಪನಿ ನಾಟಕದ ಹೆಣ್ಣುಮಕ್ಕಳ ಬಗ್ಗೆಯೂ ಇದೇ ಮಾತು ಕೇಳಿ ಬೆಳೆದವಳು ನಾನು. ಅಪ್ಪ ಮಾತ್ರ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದರು. "ರಾತ್ರಿ ಮನಿಗೆ ಯಾರು ಬಿಡ್ತಾರ?" ಕ್ಲಬ್ಬಿನ ಗಾಡಿ ಇದೆ ಅಂದೆ. "ಹಂಗಾದ್ರ ಮಾಡು" ಅಂದರು.

ಪ್ರಮೋಟರ್ ಕೆಲಸ ಏನು ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಹಾಡು ಹಾಕುವುದು ಡಿಜೆ. ಜಾಗ ನಡೆಸುವುದು ಮ್ಯಾನೇಜರ್. ಜನ ತುಂಬಿಸುವುದು ಪ್ರಮೋಟರ್. ನನ್ನ ಹೆಸರಲ್ಲಿ ಒಂದು ಗೆಸ್ಟ್ ಲಿಸ್ಟ್ ಇರುತ್ತದೆ. ಅದರಲ್ಲಿ ಹೆಸರು ಇದ್ದವರಿಗೆ ಇಂತಿಷ್ಟು ಗಂಟೆಯೊಳಗೆ ಬಂದರೆ ಎಂಟ್ರಿ ಫ್ರೀ. ಜೋಡಿಗಳಿಗೆ, ಹೆಣ್ಣುಮಕ್ಕಳಿಗೆ ಸಲೀಸು. ಗಂಡಸರು ಒಬ್ಬರೇ ಬಂದರೆ ಕವರ್ ಚಾರ್ಜ್, ಆ ದುಡ್ಡಿಗೆ ಒಳಗೆ ತಿಂಡಿ, ಡ್ರಿಂಕ್ಸ್ ತಗೊಳ್ಳಬಹುದು. ಬಂದವರ ತಲೆ ಎಣಿಸಿ ನಮಗೆ ಕಮಿಷನ್. ನನಗೆ ಶುರುವಿನಲ್ಲಿ ತಲೆಗೆ 50 ರೂಪಾಯಿ.

ಆಗ ಬೆಂಗಳೂರಿನಲ್ಲಿ ಎಲ್ಲವೂ 11.30ಕ್ಕೆ ಬಂದ್. ಅದಕ್ಕೂ ಮೊದಲೇ ಡ್ಯಾನ್ಸಿಗೆ ಬೇರೆ ಲೈಸೆನ್ಸ್ ಬೇಕು ಅಂತ ಪೊಲೀಸರು ಬಿಗಿ ಮಾಡಿದ್ದರು. ಜನ ನಿಂತಲ್ಲೇ ತೂಗುತ್ತಿದ್ದರು, ಕಾಲು ಎತ್ತಿದರೆ ಬೌನ್ಸರ್ ಬಂದು ಕಣ್ಸನ್ನೆ ಮಾಡುತ್ತಿದ್ದ. ಒಂಬತ್ತಕ್ಕೆ ಜಾಗ ಖಾಲಿ, ಹತ್ತಕ್ಕೆ ನೂಕುನುಗ್ಗಲು, 11.15ಕ್ಕೆ ಲೈಟು. ಅಂದರೆ ನನ್ನ ಕೈಯಲ್ಲಿ ಇದ್ದದ್ದು ಒಂದೂಕಾಲು ಗಂಟೆ. ಮೊದಲು ಬಂದ ಇಪ್ಪತ್ತು ಜನರ ಮೇಲೆ ಇಡೀ ರಾತ್ರಿ ನಿಂತಿರುತ್ತದೆ. ಅವರನ್ನು ಮೂಲೆ ಸೋಫಾಗಳಲ್ಲಿ ಕೂರಿಸಿದರೆ ಜಾಗ ಭಣಭಣ ಅನ್ನುತ್ತದೆ. ಬಾರ್ ಕೌಂಟರ್ ಹತ್ತಿರ ನಿಲ್ಲಿಸಿದರೆ ಬಾಗಿಲಿಗೆ ಬಂದವನು ಒಳಗೆ ಇಣುಕಿ, "ಪರವಾಗಿಲ್ಲ, ಜನ ಇದ್ದಾರೆ" ಅಂದುಕೊಳ್ಳುತ್ತಾನೆ. ಅಪ್ಪನೂ ಟಿಕೆಟ್ ಕಮ್ಮಿ ಆದ ದಿನ ಹಿಂದಿನ ಚಾಪೆಯವರನ್ನು ಕರೆದು ಮುಂದಿನ ಕುರ್ಚಿಗೆ ಕೂರಿಸುತ್ತಿದ್ದರು. ನಟರಿಗೆ ಎದುರು ಮುಖ ಕಾಣಬೇಕು ಅಲ್ವಾ.

ನನ್ನ ಲಿಸ್ಟು ಕನ್ನಡದಲ್ಲಿ ಇರುತ್ತಿತ್ತು. ನೀಲಿ ಕ್ಲಿಪ್‌ಬೋರ್ಡು, ರೂಲ್ಡ್ ಹಾಳೆ, ದಾರ ಕಟ್ಟಿದ ಬಾಲ್ ಪೆನ್ನು. ಫೋನು ಕಿವಿಗೆ ಇಟ್ಟುಕೊಂಡು ಬರೆಯುವಾಗ ನನ್ನ ಕೈ ಕನ್ನಡದಲ್ಲೇ ಜಾಸ್ತಿ ಓಡುತ್ತದೆ. 'ರೋಹನ್ + 3', 'ನೇಹಾ + 1', 'ಶರ್ಮಾ ಟೇಬಲ್ 8'. ಮ್ಯಾನೇಜರ್‌ಗೆ ಅದು ಓದಲು ಬರುತ್ತಿರಲಿಲ್ಲ, ಅವರಿಗೆ ಸಿಟ್ಟು. ಆದರೆ ಬಾಗಿಲಲ್ಲಿ ನಿಂತವರು ರಾಮನಗರ, ಕನಕಪುರ ಕಡೆಯ ಹುಡುಗರು. ಅವರು ಸಲೀಸಾಗಿ ಓದುತ್ತಿದ್ದರು. ಗಲಾಟೆ ಕಮ್ಮಿ ಆಯಿತು, ಕ್ಯೂ ಬೇಗ ಸರಿಯಿತು. ಆಮೇಲೆ ಯಾರೂ ಏನೂ ಅನ್ನಲಿಲ್ಲ.

ಗಣೇಶನ ಹಬ್ಬದ ದಿನಗಳಲ್ಲಿ ಎರಡೂ ಕೆಲಸ ಒಂದೇ ದಿನ. ರಾತ್ರಿ 10ರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ. ಹಾಗಾಗಿ ಆರ್ಕೆಸ್ಟ್ರಾ ಹತ್ತಕ್ಕೆ ಮುಗಿಯುತ್ತಿತ್ತು. ಶ್ರೀನಗರದ ಪೆಂಡಾಲಿನಲ್ಲಿ ರೇಷ್ಮೆ ಸೀರೆ ಉಟ್ಟು ವಂದನಾರ್ಪಣೆ ಮಾಡಿ, ಆಟೋದಲ್ಲಿ ಮಲ್ಲಿಗೆ ತೆಗೆದು ಬ್ಯಾಗಿಗೆ ಹಾಕಿ, ಹತ್ತೂವರೆಗೆ ಇಂದಿರಾನಗರದ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಒಂದು ರಾತ್ರಿ ಮಲ್ಲಿಗೆ ತೆಗೆಯಲು ಮರೆತೆ. ಕ್ಯೂನಲ್ಲಿದ್ದ ಹುಡುಗಿಯೊಬ್ಬಳು ಹತ್ತಿರ ಬಂದು ಸುಮ್ನೆ ಉಸಿರು ಎಳೆದುಕೊಂಡು, "ನಮ್ಮಮ್ಮನ ನೆನಪಾಯ್ತು" ಅಂದಳು. ಅವಳು ಕೊನೆವರೆಗೂ ನನ್ನ ಲಿಸ್ಟಿನವಳೇ ಆಗಿದ್ದಳು.

ಈಗ ತಪ್ಪಿನ ಕಥೆ.

2010ರ ಡಿಸೆಂಬರ್ 31. ಆಗ ಬೇರೆ ಒಂದು ಜಾಗಕ್ಕೆ ಕೆಲಸ ಮಾಡುತ್ತಿದ್ದೆ. ಟಿಕೆಟ್ ಸರಿಯಾಗಿ ಹೋಗಿರಲಿಲ್ಲ. ಒಬ್ಬ ಹೀರೊ ಬರುತ್ತಾನೆ ಅಂತ ಮೆಸೇಜ್ ಹಾಕಲು ಹೇಳಿದರು. "ಬರ್ತಾರಾ?" ಅಂತ ಕೇಳಿದೆ. "ಮಾತುಕತೆ ಆಗ್ತಿದೆ" ಅಂದರು. ಮಾತುಕತೆ ಆಗುತ್ತಿಲ್ಲ ಅಂತ ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಆದರೂ ಹಾಕಿದೆ. ಪಿಜಿ ಬಾಡಿಗೆ ಎರಡು ತಿಂಗಳಿನದು ಬಾಕಿ ಇತ್ತು. ಅದು ಕಾರಣ, ನೆಪ ಅಲ್ಲ. ಮೆಸೇಜ್ ಹೋದ ಎರಡು ದಿನದಲ್ಲಿ ಟಿಕೆಟ್ ಖಾಲಿ.

ಆ ರಾತ್ರಿ ತುಮಕೂರಿನಿಂದ ಒಬ್ಬ ಹುಡುಗ ತಂಗಿಯನ್ನು ಕರೆದುಕೊಂಡು ಬಂದಿದ್ದ. ಬಸ್ಸಿನಲ್ಲಿ ಬಂದಿದ್ದರು. ಅವಳ ಕೈಯಲ್ಲಿ ಆ ಹೀರೊನ ಚಿತ್ರ. ಪೆನ್ಸಿಲ್‌ನಲ್ಲಿ ಅವಳೇ ಬಿಡಿಸಿದ್ದು, ಪ್ಲಾಸ್ಟಿಕ್ ಕವರ್ ಹಾಕಿ ಸುತ್ತಿಟ್ಟಿದ್ದಳು. ಅವಳಿಗೆ ವಯಸ್ಸು ಸಾಲದು ಅಂತ ಬಾಗಿಲಲ್ಲೇ ತಡೆದರು. "ಅಣ್ಣ ಒಬ್ಬನೇ ಹೋಗಿ ಸೈನ್ ಹಾಕಿಸ್ಕೊಂಡು ಬರ್ತಾನೆ ಅಕ್ಕಾ, ನಾನು ಇಲ್ಲೇ ಕೂತಿರ್ತೀನಿ" ಅಂತ ನನ್ನನ್ನು ಕೇಳಿದಳು. ಸೆಕ್ಯುರಿಟಿಯವರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವಳನ್ನು ಕೂರಿಸಿದೆ. ಹನ್ನೊಂದು ಆಯಿತು, ಹನ್ನೊಂದೂವರೆ ಆಯಿತು. ಚಳಿ. ಅವಳು ಪ್ರತಿ ಕಾರಿಗೂ ಎದ್ದು ನಿಲ್ಲುತ್ತಿದ್ದಳು.

ನಾನು ಅವಳ ಹತ್ತಿರ ಕೂತು ಹೇಳಿದೆ, ಯಾರೂ ಬರಲ್ಲ, ನನಗೆ ಮೊದಲೇ ಗೊತ್ತಿತ್ತು ಅಂತ. ಅವಳು ಅಳಲಿಲ್ಲ. ಚಿತ್ರದ ಕವರ್ ಮೇಲೆ ಬಿದ್ದ ಮಂಜನ್ನು ದುಪಟ್ಟಾದಿಂದ ಒರೆಸಿದಳು. ಅಣ್ಣನ ಟಿಕೆಟ್ ದುಡ್ಡು ನಾನೇ ಕೊಟ್ಟೆ. ಇನ್ನೂ ಹತ್ತು ಜನ ಕೇಳಿದರು, ಅವರಿಗೂ ಕೊಟ್ಟೆ. ಆ ತಿಂಗಳ ಕಮಿಷನ್ ಅಲ್ಲೇ ಮುಗಿಯಿತು. ಅಪ್ಪನಿಗೆ ಫೋನ್ ಮಾಡಿ ಹೇಳಿದಾಗ ಆ ಕಡೆಯಿಂದ ತುಂಬಾ ಹೊತ್ತು ಮಾತಿಲ್ಲ. ಆಮೇಲೆ, "ನಾ ಇದ್ದಿದ್ರ ಆಟೋ ತಿರುಗಸ್ತಿದ್ದೆ" ಅಂದರು.

ನಮಗೆಲ್ಲ ಆಗ ಎಸ್ಸೆಮ್ಮೆಸ್ಸೇ ಆಟೋ, ಎಸ್ಸೆಮ್ಮೆಸ್ಸೇ ಮೈಕು. ನನ್ನ ಫೋನಿನಲ್ಲಿ ಎರಡು ಸಾವಿರ ನಂಬರ್ ಇತ್ತು. ಶುಕ್ರವಾರ ಮಧ್ಯಾಹ್ನ ಕೂತು ಎಲ್ಲರಿಗೂ ಕಳಿಸುವುದು. 2011ರ ಸೆಪ್ಟೆಂಬರ್ 27ರಿಂದ ಒಂದು ಸಿಮ್ಮಿನಿಂದ ದಿನಕ್ಕೆ 100 ಎಸ್ಸೆಮ್ಮೆಸ್ ಮಾತ್ರ ಅಂತ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ ನಿಯಮ ಬಂತು. ನವೆಂಬರ್‌ನಲ್ಲಿ ಅದು 200 ಆಯಿತು. ಬಹಳ ಪ್ರಮೋಟರ್‌ಗಳು ಏಳೆಂಟು ಸಿಮ್ ಇಟ್ಟುಕೊಂಡರು. ನಾನು ಲಿಸ್ಟ್ ಹಿಡಿದು ಕೂತು, ಯಾರಿಗೆ ಯಾವ ಹಾಡು ಇಷ್ಟ, ಯಾರು ಯಾವ ದಿನ ಬರುತ್ತಾರೆ ಅಂತ ನೋಡಿ ನೂರು ಜನಕ್ಕೆ ಹೆಸರು ಹಾಕಿ ಕಳಿಸತೊಡಗಿದೆ. ಎರಡು ಸಾವಿರಕ್ಕೆ ಕಳಿಸಿದಾಗ ಬರುತ್ತಿದ್ದವರಿಗಿಂತ ಜಾಸ್ತಿ ಜನ ಬಂದರು. ಹೆಸರು ಹಿಡಿದು ಕರೆದರೆ ಬರುತ್ತಾರೆ.

2012ರ ಆಗಸ್ಟ್ ಮಾತ್ರ ನನ್ನಿಂದ ಮರೆಯಲು ಆಗಿಲ್ಲ. ಈಶಾನ್ಯ ರಾಜ್ಯಗಳ ಜನರ ಮೇಲೆ ದಾಳಿ ಆಗುತ್ತದೆ ಅಂತ ಎಸ್ಸೆಮ್ಮೆಸ್ಸಿನಲ್ಲಿ ಸುಳ್ಳು ಸುದ್ದಿ ಹಬ್ಬಿತು. ನಮ್ಮ ಕ್ಲಬ್ಬಿನ ಅಡುಗೆ ಮನೆ, ಬಾರು, ಫ್ಲೋರು, ಎಲ್ಲ ಕಡೆ ಅಸ್ಸಾಂ, ಮಣಿಪುರ, ನಾಗಾಲ್ಯಾಂಡ್ ಕಡೆಯವರೇ ಜಾಸ್ತಿ. ಆಗಸ್ಟ್ 15 ಡ್ರೈ ಡೇ, ಜಾಗ ಮುಚ್ಚಿತ್ತು. ಆ ರಾತ್ರಿ ಬಾರಿನ ಹುಡುಗ ಫೋನ್ ಮಾಡಿ, "ದೀದಿ, ಸ್ಟೇಷನ್‌ನಲ್ಲಿದ್ದೀನಿ" ಅಂದ. ನಾನೂ ನಮ್ಮ ಡಿಜೆಯೂ ಸಿಟಿ ರೈಲ್ವೆ ಸ್ಟೇಷನ್‌ಗೆ ಓಡಿದೆವು. ಪ್ಲಾಟ್‌ಫಾರ್ಮಿನ ಮೇಲೆ ಕಾಲಿಡಲು ಜಾಗ ಇಲ್ಲ. ಗುವಾಹಟಿ ರೈಲಿಗೆ ಸಾವಿರಾರು ಜನ. ಪೊಲೀಸರೂ ಮಂತ್ರಿಗಳೂ ಹೋಗಬೇಡಿ ಅಂತ ಕೇಳಿಕೊಂಡರು. ಯಾರೂ ನಂಬುವ ಸ್ಥಿತಿಯಲ್ಲಿ ಇರಲಿಲ್ಲ. ನಮ್ಮ ಹುಡುಗನ ಕೈಯಲ್ಲಿ ಒಂದು ರೈಸ್ ಕುಕ್ಕರ್ ಇತ್ತು. ಬಟ್ಟೆ ಬ್ಯಾಗು ಬಿಟ್ಟು ಅದನ್ನೇ ಎತ್ತಿಕೊಂಡು ಬಂದಿದ್ದ. ಯಾಕೆ ಅಂತ ಅವನಿಗೂ ಗೊತ್ತಿರಲಿಲ್ಲ. ನಾನು ನನ್ನ ಟಿಫನ್ ಬಾಕ್ಸಿನ ಚಪಾತಿ, ಶೇಂಗಾ ಚಟ್ನಿ ಕೊಟ್ಟೆ. ಅವನು ತನ್ನ ಫೋನಿನಲ್ಲಿ ಬಂದಿದ್ದ ಮೆಸೇಜ್ ತೋರಿಸಿದ. ನಾನು ಶುಕ್ರವಾರ ಕಳಿಸುವ ಮೆಸೇಜಿನಷ್ಟೇ ಉದ್ದ ಇತ್ತು. ನಾಲ್ಕೇ ಸಾಲು.

ಎರಡು ದಿನಕ್ಕೆ ಸರ್ಕಾರ 15 ದಿನ ಬಲ್ಕ್ ಎಸ್ಸೆಮ್ಮೆಸ್ ನಿಲ್ಲಿಸಿತು. ಶುರುವಿನಲ್ಲಿ ಒಬ್ಬರು ದಿನಕ್ಕೆ ಐದು ಎಸ್ಸೆಮ್ಮೆಸ್ ಮಾತ್ರ ಕಳಿಸಬಹುದಿತ್ತು. ಪ್ರಮೋಟರ್‌ಗಳು ವ್ಯಾಪಾರ ಹೋಯಿತು ಅಂತ ಗೊಣಗಿದರು. ನಾನು ಆ ಐದರಲ್ಲಿ ಒಂದನ್ನು ದಿನಾ ಅವನಿಗೆ ಕಳಿಸುತ್ತಿದ್ದೆ. ಇವತ್ತು ಇಂದಿರಾನಗರದಲ್ಲಿ ಮಳೆ, ಅಂಗಡಿಗಳೆಲ್ಲ ತೆರೆದಿವೆ, ನಿನ್ನ ಪಕ್ಕದ ಮನೆಯವರು ಇಲ್ಲೇ ಇದ್ದಾರೆ, ಹೀಗೆ. ಕಣ್ಣಾರೆ ನೋಡಿದ್ದನ್ನು ಮಾತ್ರ ಬರೆಯುತ್ತಿದ್ದೆ. ಸೆಪ್ಟೆಂಬರ್ ಕೊನೆಗೆ ಅವನು ವಾಪಸ್ ಬಂದ, ಕುಕ್ಕರ್ ಸಮೇತ.

2013ರ ನವೆಂಬರ್‌ನಲ್ಲಿ ಒಂದು ಗುರುವಾರ ಪೂರ್ತಿ ಕನ್ನಡ ಹಾಡು ಹಾಕೋಣ ಅಂದೆ. "ಇದು ಆ ಥರದ ಜಾಗ ಅಲ್ಲ" ಅಂದರು. ಗುರುವಾರ ಹೇಗಿದ್ದರೂ ಖಾಲಿ, ಒಂದು ವಾರ ಕೊಡಿ ಅಂತ ಬೇಡಿದೆ. ಡಿಜೆಗೆ ಕನ್ನಡ ಬರುತ್ತಿರಲಿಲ್ಲ. ಪಕ್ಕದಲ್ಲಿ ನಿಂತು, ಇದು ಮಳೆ ಹಾಡು ಈಗ ಬೇಡ, ಇದು ಅಣ್ಣಾವ್ರ ಹಾಡು ಕೊನೆಗೆ ಇರಲಿ ಅಂತ ಒಂದೊಂದೇ ಹೇಳಿದೆ. ಬಂದವರು 140 ಜನ. ಐಟಿ ಹುಡುಗರು, ನರ್ಸುಗಳು, ಹತ್ತಿರದ ಜಿಮ್ಮಿನವರು. ಕೊನೆ ಹಾಡಿಗೆ ಬೌನ್ಸರ್‌ಗಳು ಬಾಗಿಲು ಬಿಟ್ಟು ಒಳಗೆ ಬಂದು ನಿಂತು ಹಾಡಿದರು. ನಾನು ಬದುಕಿನಲ್ಲಿ ತುಂಬಿಸಿದ ಜಾಗಗಳಲ್ಲಿ ಇದಕ್ಕೇ ನನ್ನ ಮೊದಲ ಸ್ಥಾನ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. 2014ರಲ್ಲಿ ಶುಕ್ರವಾರ, ಶನಿವಾರ ರಾತ್ರಿ 1ರವರೆಗೆ ತೆರೆಯಲು ಅನುಮತಿ ಸಿಕ್ಕಿತು. ದುಡ್ಡು ಬಂತು, ಬೆನ್ನು ನೋವೂ ಬಂತು. 2016ರ ನವೆಂಬರ್ 8ರ ಮಂಗಳವಾರ ನೋಟು ರದ್ದಾಯಿತು. ಮಾರನೇ ದಿನ ಬುಧವಾರ, ಲೇಡೀಸ್ ನೈಟ್. ಬಾಗಿಲಿಗೆ ಬಂದವರು ಏಳು ಜನ. ಪ್ರಮೋಟರ್‌ಗಳಿಗೆಲ್ಲ ಕ್ಯಾಷಿನಲ್ಲೇ ಪೇಮೆಂಟ್, ಹಾಗಾಗಿ ಎರಡು ತಿಂಗಳು ಕೈಗೆ ಏನೂ ಬರಲಿಲ್ಲ. ಆಗಲೇ ಕಾರ್ಪೊರೇಟ್ ಎಂಸೀ ಕೆಲಸಕ್ಕೆ ಹೊರಳಿದ್ದು. ಅಲ್ಲಿ ಬಿಲ್ಲು, ಚೆಕ್ಕು, ಕೊಡುವಾಗಲೇ ಹಿಡಿಯುವ ತೆರಿಗೆ ಅಂದರೆ ಟಿಡಿಎಸ್ ಹತ್ತು ಪರ್ಸೆಂಟ್. ಎಲ್ಲ ಶಿಸ್ತು. ಆದರೆ 60 ದಿನದಲ್ಲಿ ದುಡ್ಡು ಅಂದದ್ದು ಏಳು ತಿಂಗಳಾಗುವುದೂ ಉಂಟು. ಒಂದು ಏಜೆನ್ಸಿ ಇನ್ನೂ ಕೊಟ್ಟಿಲ್ಲ. ಹೊಸದಾಗಿ ಬರುವ ಹೆಣ್ಣುಮಕ್ಕಳಿಗೆ ನಾನು ಹೇಳುವುದು ಒಂದೇ, ಅರ್ಧ ದುಡ್ಡು ಸ್ಟೇಜ್ ಹತ್ತುವ ಮೊದಲೇ ತಗೊಳ್ಳಿ. ಕೇಳಲು ಸಂಕೋಚ ಬೇಡ.

2020ರ ಮಾರ್ಚ್ 14ರಿಂದ ಮಾಲು, ಪಬ್ಬು, ಮದುವೆ ಎಲ್ಲ ನಿಂತವು. ಕರೆಯುವುದೇ ಕೆಲಸ ಆದವಳಿಗೆ 'ಯಾರೂ ಬರಬೇಡಿ' ಅನ್ನುವ ಕಾಲ ಬಂತು. ಅದೇ ಹೊತ್ತಿಗೆ ಹಿಂದಿಯ ಪೌರಾಣಿಕ ಧಾರಾವಾಹಿಗಳು ಕನ್ನಡಕ್ಕೆ ಡಬ್ ಆಗಿ ಟಿವಿಗೆ ಬಂದವು. ಕನ್ನಡದಲ್ಲಿ ಡಬ್ಬಿಂಗ್ ಎಷ್ಟೋ ವರ್ಷ ನಡೆಯುತ್ತಲೇ ಇರಲಿಲ್ಲ. ಹಾಗಾಗಿ ಉದ್ದ ಮಾತು ಒಂದೇ ಉಸಿರಿನಲ್ಲಿ ಹೇಳಿ ಅಭ್ಯಾಸ ಇದ್ದವರು ಕಮ್ಮಿ. ನಾನು ಬಟ್ಟೆ ಬೀರುವಿನೊಳಗೆ ಮೈಕು ಇಟ್ಟು, ಕಂಬಳಿ ಹೊದ್ದು ಸ್ಯಾಂಪಲ್ ಕಳಿಸಿದೆ. ಒಂದು ರಾಣಿಯ ದಾಸಿ ಪಾತ್ರ ಸಿಕ್ಕಿತು. ರಾತ್ರಿ ಫೋನಿನಲ್ಲಿ ಅಪ್ಪನ ಹತ್ತಿರ ಕಲಿತೆ. 'ಮಹಾಪ್ರಾಣ ಒತ್ತು, ಆದ್ರ ಉಗುಳಬ್ಯಾಡ. ಕೊನೀ ಅಕ್ಷರ ನುಂಗಬ್ಯಾಡ.' ಈಗ ಮನೆ ನಡೆಯುತ್ತಿರುವುದು ಆ ಬೀರುವಿನಿಂದಲೇ.

ಕಳೆದ ಜನವರಿಯಲ್ಲಿ ಜಾತ್ರೆಗೆ ಹೋಗಿದ್ದೆ. ಈಗ ಆಟೋದಲ್ಲಿ ಕೂಗುವವರು ಕಮ್ಮಿ, ಪೆನ್‌ಡ್ರೈವ್ ಹಾಕಿ ಬಿಡುತ್ತಾರೆ. ಅಪ್ಪನಿಗೆ ಎಪ್ಪತ್ನಾಲ್ಕು, ಗಂಟಲು ಹೋಗಿದೆ. ಹಳೇ ಪರಿಚಯದ ಕಂಪನಿ ಮಾಲೀಕರು ಸಿಕ್ಕು, "ಅಪ್ಪನ ಧ್ವನಿ ನಿನಗ ಬಂದೈತಿ, ಒಂದು ಅನೌನ್ಸ್‌ಮೆಂಟ್ ಮಾಡಿಕೊಡು" ಅಂದರು. ಚೀಟಿ ಕೊಟ್ಟರು. ಲಾಡ್ಜಿನ ರೂಮಿನಲ್ಲಿ ಫ್ಯಾನ್ ಆರಿಸಿ, ಫೋನಿನಲ್ಲೇ ರೆಕಾರ್ಡ್ ಮಾಡಿದೆ. ಅಪ್ಪ ಮಂಚದ ಮೇಲೆ ಕೂತು ಕಿವಿಗೆ ಹಚ್ಚಿಕೊಂಡು ಪೂರ್ತಿ ಕೇಳಿದರು. 'ಮರೆತು' ಆದ ಮೇಲೆ ನಾನು ನಿಂತದ್ದಕ್ಕೆ ತಲೆ ಆಡಿಸಿದರು.

ಆಮೇಲೆ ಕೇಳಿದರು. "ನೂರು ಕಲಾವಿದರ ತಂಡ ಅಂದೀಯಲ್ಲ, ಎಷ್ಟ ಮಂದಿ ಅದಾರ?"

ಚೀಟಿಯಲ್ಲಿ ಹಾಗೆ ಬರೆದಿತ್ತು ಅಂದೆ.

"ಹೋಗಿ ಎಣಿಸಿ ಬಾ."

ಎದ್ದು ಹೋದೆ. ಥಿಯೇಟರಿನ ಹಿಂದೆ ಅಡುಗೆ ಒಲೆ ಹತ್ತಿರ, ಗ್ರೀನ್ ರೂಮಿನಲ್ಲಿ, ಹಾರ್ಮೋನಿಯಂ ಪಕ್ಕದಲ್ಲಿ, ಎಲ್ಲರನ್ನೂ ಎಣಿಸಿದೆ. ತಬಲಾದವರನ್ನೂ ಸೇರಿಸಿ 22. ವಾಪಸ್ ಬಂದು ಮತ್ತೆ ಫ್ಯಾನ್ ಆರಿಸಿ, 22 ಕಲಾವಿದರು ಅಂತ ಮೊದಲಿನಿಂದ ರೆಕಾರ್ಡ್ ಮಾಡಿದೆ. ಸಂಜೆ ನಾಲ್ಕಕ್ಕೆ ಆಟೋ ಹೊರಟಿತು.